ಬ್ರೇಕ್ ಮೇಷ್ಟ್ರ ಒಳ್ಳೇ ಕೊಬ್ಬು

ಬ್ರೇಕ್ ಮೇಷ್ಟ್ರ ಬಲಗಾಲಿಗೆ ಅದರದೇ ಒಂದು ಬುದ್ಧಿಯಿತ್ತು. ಊಟಕ್ಕೆ ಕೂತಾಗ ಯಾರಾದರೂ ನೀರಿನ ಲೋಟವನ್ನು ಮೇಜಿನ ಅಂಚಿಗೆ ಇಟ್ಟರೆ ಸಾಕು, ಕೈ ಮುಂದೆ ಬರುವ ಮೊದಲೇ ಬಲಗಾಲು ನೆಲವನ್ನು ಒತ್ತಿ ಹಿಡಿಯುತ್ತಿತ್ತು. ಸಿನಿಮಾದಲ್ಲಿ ನಾಯಕ ಬೆಟ್ಟದ ತಿರುವಿನಲ್ಲಿ ಕಾರು ಓಡಿಸಿದರೆ ಮುಂದಿನ ಸೀಟಿನವನಿಗೆ ಒದೆ ಬೀಳುತ್ತಿತ್ತು. ಅವರದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಹಾಕಿಸಿಕೊಂಡ ಎರಡನೆಯ ಬ್ರೇಕನ್ನು ವರ್ಷಾನುಗಟ್ಟಲೆ ಒತ್ತಿ ಒತ್ತಿ ಅವರಿಗೆ ಆ ಹೆಸರು ಬಂದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿತ್ತು, ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಸ್ಕೂಲು ಎಂದರೆ ದೊಡ್ಡದೇನಲ್ಲ. ಟೈರ್ ಅಂಗಡಿಯ ಪಕ್ಕ ಒಂದು ರೂಮು, ಗೋಡೆ ತುಂಬ ರಸ್ತೆ ಚಿಹ್ನೆಗಳ ಬೋರ್ಡು, ಮೇಜಿನ ಮೇಲೆ ಹೊಟ್ಟೆ ಸೀಳಿಟ್ಟ ಒಂದು ಹಳೆಯ ಗೇರ್‌ಬಾಕ್ಸು, ಹೊರಗೆ ಒಂದು ಬಿಳಿ ಕಾರು. ಆ ಕಾರಿನಲ್ಲಿ ಊರಿನ ಅರ್ಧ ಜನ ಡ್ರೈವಿಂಗ್ ಕಲಿತಿದ್ದರು. ಕಲಿಯುವಾಗ ಎಲ್ಲರೂ ಒಂದಲ್ಲ ಒಂದು ದಿನ ಮೇಷ್ಟ್ರ ಪ್ರಾಣ ತೆಗೆಯಲು ನೋಡಿದ್ದರು. ಬ್ಯಾಂಕಿನ ಮ್ಯಾನೇಜರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದು ಕಾರನ್ನು ಐಸ್‌ಕ್ರೀಮ್ ಅಂಗಡಿಯ ಮೆಟ್ಟಿಲು ಹತ್ತಿಸಿದ್ದರು. ಸಂಗೀತದ ಟೀಚರು ಎದುರಿಗೆ ಲಾರಿ ಬಂದಾಗ ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದರು. ಇಂಥದ್ದೆಲ್ಲ ಆದಾಗಲೂ ಮುಖದ ಒಂದು ಗೆರೆ ಅಲುಗದಂತೆ ‘ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ’ ಎನ್ನುವುದೇ ಮೇಷ್ಟ್ರ ವಿದ್ಯೆ. ಮುಖ ಅಲುಗದಿದ್ದರೂ ಒಳಗೆ ಎದೆ ಅಲುಗುತ್ತಿತ್ತು. ಆ ಎದೆಯ ಮೇಲೆ ಅವರಿಗೆ ಅಷ್ಟಾಗಿ ನಂಬಿಕೆಯಿರಲಿಲ್ಲ.

ನಂಬದಿರಲು ಕಾರಣವಿತ್ತು. ಅವರ ಅಪ್ಪ ಎದೆ ಹಿಡಿದುಕೊಂಡು ಹೋದವರು. ಅಣ್ಣನೂ ಹಾಗೇ. ಐವತ್ತನಾಲ್ಕು ತುಂಬುವ ಮೊದಲೇ, ಒಂದು ಬೆಳಗ್ಗೆ ಶೂ ದಾರ ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ. ಈಗ ಮೇಷ್ಟ್ರಿಗೆ ಅದೇ ವಯಸ್ಸು ಹತ್ತಿರ ಬರುತ್ತಿತ್ತು. ಶೂ ಬಿಟ್ಟು ಚಪ್ಪಲಿಗೆ ಬಂದು ವರ್ಷವಾಗಿತ್ತು. ಚಪ್ಪಲಿ ಹಾಕಿಕೊಂಡು ಕಾರು ಓಡಿಸಬಾರದು ಎಂದು ಮೊದಲ ಪಾಠದಲ್ಲೇ ಹೇಳಿಕೊಡುವ ಮನುಷ್ಯ ತಾನೇ ಚಪ್ಪಲಿಯಲ್ಲಿ ಬರುವುದನ್ನು ಕಂಡು ಕಲಿಯುವವರು ಮುಸಿಮುಸಿ ನಗುತ್ತಿದ್ದರು. ನಕ್ಕರೆ ನಗಲಿ, ಬಗ್ಗುವುದು ತಪ್ಪಿತಲ್ಲ ಎಂದು ಮೇಷ್ಟ್ರು ಸುಮ್ಮನಿದ್ದರು.

ಹೆಂಡತಿಗೂ ಅದೇ ಭಯ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಮಲಗಿದಾಗ ಇವರ ಗೊರಕೆ ನಿಂತರೆ ಸಾಕು, ಎದ್ದು ಕೂತು ಭುಜ ಹಿಡಿದು ಅಲುಗಿಸುತ್ತಿದ್ದರು.

“ಏನೇ?”

“ಏನಿಲ್ಲ. ಗೊರಕೆ ಹೊಡೀರಿ,” ಎಂದು ಮತ್ತೆ ಮಲಗುತ್ತಿದ್ದರು.

ಆಕೆ ಹೈಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕಿ. ಮಕ್ಕಳಿಗೆ ಆಸಿಡ್ ಅಳೆದು ಕೊಡುವುದು, ಒಡೆದ ಗಾಜು ಗುಡಿಸುವುದು, ಕೊಳೆತ ಮೊಟ್ಟೆಯ ನಾತ ಹೊಡೆಯುವ ಅನಿಲಗಳ ನಡುವೆ ದಿನವಿಡೀ ನಿಲ್ಲುವುದು ಅವರ ಕೆಲಸ. ಪ್ರಿನ್ಸಿಪಾಲರು ಲ್ಯಾಬಿನ ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡು ಹಿಂದಿರುಗುವಾಗ ಈಕೆ ಅಲ್ಲೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಮೂಗು ಅಷ್ಟು ಗಟ್ಟಿ. ಒಂದೇ ಒಂದು ವಾಸನೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಅವರ ಅಪ್ಪ ಕುಡುಕ. ಆ ಮನುಷ್ಯ ಬಾಗಿಲು ತಟ್ಟುವ ಮೊದಲೇ ಬಾಗಿಲ ಸಂದಿಯಿಂದ ವಾಸನೆ ಒಳಗೆ ಬರುತ್ತಿತ್ತು. ಇವತ್ತು ಯಾರು ಯಾವ ಮೂಲೆ ಸೇರಬೇಕು ಎಂದು ತಾಯಿ ಮಕ್ಕಳು ಆ ವಾಸನೆಯ ಮೇಲೇ ತೀರ್ಮಾನಿಸುತ್ತಿದ್ದರು. ಮದುವೆಗೆ ಮೊದಲು ಈಕೆ ಮೇಷ್ಟ್ರಿಗೆ ಹಾಕಿದ್ದು ಒಂದೇ ಷರತ್ತು: “ಆ ವಾಸನೆ ನನ್ನ ಮನೆ ಹೊಸ್ತಿಲು ದಾಟಬಾರದು.”

ಮೇಷ್ಟ್ರು ನಿಯಮಕ್ಕೆ ತಲೆಬಾಗುವ ಮನುಷ್ಯ. ಕೆಂಪು ದೀಪವೆಂದರೆ ಕೆಂಪು ದೀಪ. ಹೆಂಡತಿಯ ಷರತ್ತನ್ನು ಅವರು ಒಂದಕ್ಷರ ಬಿಡದೆ ಪಾಲಿಸಿದರು. ವಾಸನೆ ದಾಟಬಾರದು ಎಂದಿದ್ದರೇ ಹೊರತು ಕುಡಿಯಬಾರದು ಎಂದು ಆಕೆ ಎಲ್ಲಿ ಹೇಳಿದ್ದರು?

ಹಾಗಾಗಿ ಸಂಜೆ ಕಡೆಯ ಕ್ಲಾಸು ಮುಗಿದ ಮೇಲೆ, ಗ್ಯಾರೇಜುಗಳ ಹಿಂದಿನ ಗಲ್ಲಿಯ ಬಾರಿನಲ್ಲಿ ಒಂದು ಪೆಗ್ಗು. ಒಂದೇ. ಸಂಗೀತದ ಟೀಚರ ಕ್ಲಾಸಿದ್ದ ದಿನ ಒಂದೂವರೆ. ಪೆಗ್ಗು ಗಂಟಲಿಳಿದ ಮೇಲೆ ಸ್ಟೇರಿಂಗ್ ಮುಟ್ಟುವುದಿಲ್ಲ ಎನ್ನುವುದು ಅವರ ಇನ್ನೊಂದು ನಿಯಮ. ಕಾರಿನ ಕೀಯನ್ನು ಸ್ಕೂಲಿನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದೇ ಬಾರಿನ ಕಡೆ ತಿರುಗುತ್ತಿದ್ದರು. ಆಮೇಲೆ ಮನೆಗೆ ನಡಿಗೆ. ನೇರ ರಸ್ತೆಯಲ್ಲಿ ಹೋದರೆ ಒಂದು ಹಾಡು ಗುನುಗುವಷ್ಟರಲ್ಲಿ ಮನೆ. ಆದರೆ ಒಂದು ಹಾಡಿಗೆ ವಾಸನೆ ಹೋಗುವುದಿಲ್ಲವಲ್ಲ. ಬೆವರು ಬಂದರೆ ವಾಸನೆ ಹೋಗುತ್ತದೆಂದು ಅವರಿಗೆ ಯಾರು ಹೇಳಿದ್ದರೋ ಏನೋ, ಮೇಷ್ಟ್ರು ಊರು ಸುತ್ತುತ್ತಿದ್ದರು. ಮರದ ಡಿಪೋ, ಬಸ್ ನಿಲ್ದಾಣದ ಹಿಂದಿನ ಉದ್ದ ಗೋಡೆ, ನೀರಿನ ಟ್ಯಾಂಕಿನ ಏರು, ಆಟದ ಮೈದಾನ. ಬಾಯಲ್ಲಿ ಲವಂಗ. ತಡವಾದರೆ ಅನುಮಾನ ಬರುತ್ತದೆಂದು ಓಟದಂಥ ನಡಿಗೆ. ಮೈದಾನದ ಮೂಲೆಯಲ್ಲಿ ನಿಂತು ಅಂಗೈಗೆ ‘ಹಾ’ ಎಂದು ಊದಿ ಮೂಸುತ್ತಿದ್ದರು. ಮನಸ್ಸಿಗೆ ಸಮಾಧಾನವಾಗದಿದ್ದರೆ ಮೈದಾನಕ್ಕೆ ಇನ್ನೊಂದು ಸುತ್ತು. ಮನೆ ಸೇರುವಾಗ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು.

ಹೆಂಡತಿ ಬಾಗಿಲು ತೆಗೆದು, ಒಮ್ಮೆ ಉಸಿರೆಳೆದು, “ಬಂದ್ರಾ” ಎನ್ನುತ್ತಿದ್ದರು. ಆಕೆಗೆ ಗೊತ್ತಿರಲಿಲ್ಲವೇ? ದಿನಾ ಸಂಜೆ ಲವಂಗ ಜಗಿಯುತ್ತ, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ಏದುಸಿರು ಬಿಡುತ್ತ ಬರುವ ಗಂಡನ ವಿಷಯ ಗೊತ್ತಾಗದಿರಲು ಆಕೆಯೇನು ಕಣ್ಣು ಕಿವಿ ಇಲ್ಲದವರೇ? ಷರತ್ತು ಮುರಿದಿರಲಿಲ್ಲ. ಮೂಗಿಗೆ ದೂರಿರಲಿಲ್ಲ, ಆದ್ದರಿಂದ ಬಾಯಿಗೂ ದೂರಿರಲಿಲ್ಲ. ಎಷ್ಟೋ ಸಂಸಾರಗಳು ಇದಕ್ಕಿಂತ ತೆಳುವಾದ ಒಪ್ಪಂದದ ಮೇಲೆ ನಡೆಯುತ್ತವೆ.

ಆ ವರ್ಷ ಡ್ರೈವಿಂಗ್ ಕಲಿಯಲು ಒಬ್ಬ ಡಾಕ್ಟರಮ್ಮ ಬಂದರು. ವಯಸ್ಸು ಚಿಕ್ಕದು, ಕ್ಲಿನಿಕ್ಕಿನಲ್ಲಿ ದೊಡ್ಡ ದೊಡ್ಡವರನ್ನು ಗದರಿಸಿ ಉಪ್ಪು ಬಿಡಿಸುವ ಹೆಣ್ಣುಮಗಳು. ಕಾರಿನಲ್ಲಿ ಮಾತ್ರ ಅವರ ಕೈ ನಡುಗುತ್ತಿತ್ತು, ಬಾಯಿ ನಿಲ್ಲುತ್ತಿರಲಿಲ್ಲ. ಮೂರನೆಯ ಕ್ಲಾಸಿನಲ್ಲಿ ಹಾಲಿನ ವ್ಯಾನೊಂದು ಎದುರಿಗೆ ಬಂತು. ಡಾಕ್ಟರಮ್ಮ ಅದರ ಕಡೆಗೇ ಸ್ಟೇರಿಂಗ್ ತಿರುಗಿಸಿದರು. ಮೇಷ್ಟ್ರು ಎರಡನೆಯ ಬ್ರೇಕನ್ನು ಸೀಟಿನಿಂದ ಎದ್ದು ನಿಂತೇ ತುಳಿದರು. ಕಾರು ನಿಂತಿತು, ವ್ಯಾನಿನವನು ಬೈದು ಹೋದ. ಕಾರು ಮತ್ತೆ ಹೊರಟ ಮೇಲೂ ಮೇಷ್ಟ್ರ ಎದೆ ಡವಡವ ಹೊಡೆದುಕೊಳ್ಳುತ್ತಲೇ ಇತ್ತು. ಡಾಕ್ಟರಮ್ಮ ಅದನ್ನು ಗಮನಿಸಿ, ಸ್ಟೇರಿಂಗ್ ಬಿಟ್ಟು ಮೇಷ್ಟ್ರ ಮಣಿಕಟ್ಟು ಹಿಡಿದರು.

“ಮೇಷ್ಟ್ರೇ, ನಿಮ್ಮ ನಾಡಿ ಓಡ್ತಾ ಇದೆ.”

“ಕಾರೂ ಓಡ್ತಾ ಇದೆ ಮೇಡಂ. ಮೊದಲು ಸ್ಟೇರಿಂಗ್ ಹಿಡೀರಿ.”

“ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇತ್ತಾ?”

“ಅಪ್ಪ, ಅಣ್ಣ. ಇಬ್ರೂ ಅದರಲ್ಲೇ ಹೋದ್ರು. ಮೇಡಂ, ಎಡಕ್ಕೆ, ಎಡಕ್ಕೆ.”

“ನಾಳೆ ಬೆಳಗ್ಗೆ ಖಾಲಿ ಹೊಟ್ಟೇಲಿ ಹೋಗಿ ರಕ್ತ ಕೊಟ್ಟು ಬನ್ನಿ,” ಎಂದು ಡಾಕ್ಟರಮ್ಮ ಬಲಕ್ಕೆ ತಿರುಗಿಸಿದರು.

ರಿಪೋರ್ಟು ತೋರಿಸಲು ಹೋದ ದಿನ ಹೆಂಡತಿಯೂ ಜೊತೆಗೆ ಬಂದರು. ಡಾಕ್ಟರಮ್ಮ ಕಾಗದದ ಮೇಲೆ ಪೆನ್ನಿನ ತುದಿ ಇಳಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿ ಹುಬ್ಬೇರಿಸಿದರು. ಹೆಂಡತಿಯ ಕೈ ಮೇಷ್ಟ್ರ ತೋಳನ್ನು ಹಿಡಿಯಿತು.

“ಗಾಬರಿ ಆಗ್ಬೇಡಿ. ಕೊಲೆಸ್ಟ್ರಾಲ್‌ನಲ್ಲಿ ಒಳ್ಳೇದು ಕೆಟ್ಟದ್ದು ಅಂತ ಇದೆ. ಕೆಟ್ಟದ್ದು ರಕ್ತನಾಳದ ಗೋಡೆಗೆ ಅಂಟ್ಕೊಳ್ಳುತ್ತೆ, ಒಳ್ಳೇದು ಅದನ್ನ ಬಳಿದು ಸಾಗಿಸುತ್ತೆ. ನಿಮ್ಮವರದು ಒಳ್ಳೇ ಕೊಬ್ಬು ತುಂಬ ಚೆನ್ನಾಗಿದೆ.”

“ಇವರ ಕೊಬ್ಬು ಒಳ್ಳೇದು ಅಂತ ಇವತ್ತೇ ಕೇಳಿದ್ದು ನಾನು,” ಎಂದರು ಹೆಂಡತಿ. ಹಾಗೆನ್ನುವಾಗ ಅವರ ಕಣ್ಣಲ್ಲಿ ನೀರಿತ್ತು.

“ಸಿಗರೇಟು?” ಡಾಕ್ಟರಮ್ಮ ಕೇಳಿದರು.

“ಇಲ್ಲ.”

“ಕುಡಿಯೋದು?”

ಮೇಷ್ಟ್ರು ಪಕ್ಕಕ್ಕೆ ನೋಡಿದರು. ಹೆಂಡತಿ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು. “ಛೆ, ಛೆ,” ಎಂದರು ಮೇಷ್ಟ್ರು.

“ವಾಕಿಂಗು, ವ್ಯಾಯಾಮ, ಏನಾದ್ರೂ?”

“ಎಲ್ಲಿ ಮೇಡಂ. ಬೆಳಗ್ಗಿಂದ ಸಂಜೆ ತನಕ ಕೂತೇ ಇರೋ ಕೆಲಸ.”

ಇದು ಮಾತ್ರ ಸುಳ್ಳಲ್ಲ. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದರು. ವಾಕಿಂಗ್ ಎಂದರೆ ಬೆಳಗಿನ ಹೊತ್ತು ಬಿಳಿ ಶೂ ಹಾಕಿಕೊಂಡು, ಕೈ ಬೀಸಿಕೊಂಡು, ಗುಂಪಿನಲ್ಲಿ ರಾಜಕೀಯ ಮಾತಾಡುತ್ತ ಹೋಗುವುದು ಎಂದು ಅವರು ತಿಳಿದಿದ್ದರು. ತಾವು ಸಂಜೆ ಮಾಡುತ್ತಿದ್ದದ್ದು ವಾಸನೆ ಕಳೆಯುವ ಕೆಲಸ. ಅದನ್ನು ಆರೋಗ್ಯದ ಲೆಕ್ಕಕ್ಕೆ ಹಾಕಬಹುದೆಂದು ಅವರ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ಸಂಜೆ ರಿಪೋರ್ಟು ಬಾರಿಗೆ ಹೋಯಿತು. ಅಲ್ಲಿ ಮೇಷ್ಟ್ರ ಖಾಯಂ ಜೊತೆಗಾರನೆಂದರೆ ಮೆಡಿಕಲ್ ಶಾಪಿನವನು. ಊರೆಲ್ಲ ಅವನನ್ನು ಗುಳಿಗೆ ಎಂದೇ ಕರೆಯುತ್ತಿತ್ತು. ಔಷಧಿ ಮಾರಿ ಮಾರಿ ತಾನೂ ಅರ್ಧ ಡಾಕ್ಟರೇ ಎಂಬ ಭ್ರಮೆ ಅವನಿಗೆ. ಗುಳಿಗೆ ರಿಪೋರ್ಟನ್ನು ಬೆಳಕಿಗೆ ಹಿಡಿದು, ಕಡಲೆಕಾಯಿ ಸಿಪ್ಪೆ ಊದಿ, ತೀರ್ಪು ಕೊಟ್ಟ.

“ಇದು ಪೆಗ್ಗಿನ ಮಹಿಮೆ ಮೇಷ್ಟ್ರೇ. ಮಿತವಾಗಿ ಕುಡಿಯೋರಿಗೆ ಒಳ್ಳೇ ಕೊಲೆಸ್ಟ್ರಾಲ್ ಏರುತ್ತೆ ಅಂತ ಪೇಪರಲ್ಲೇ ಬಂದಿತ್ತು. ನಾನೇ ಓದಿದೀನಿ.”

“ಪೂರ್ತಿ ಓದಿದ್ಯಾ?”

“ಮುಂದಿನದು ಇನ್ನೊಂದು ಪುಟದಲ್ಲಿತ್ತು. ಆ ಪುಟದಲ್ಲಿ ಯಾರಿಗೋ ಸಿರಪ್ ಕಟ್ಟಿ ಕೊಟ್ಬಿಟ್ಟಿದ್ದೆ.”

ಪೂರ್ತಿ ಓದದಿದ್ದರೇನು, ಬೇಕಾದ ಅರ್ಧ ಸಿಕ್ಕಿತ್ತು. ಮೇಷ್ಟ್ರು ಯೋಚಿಸಿದರು. ಅಪ್ಪ ಕುಡಿಯುತ್ತಿರಲಿಲ್ಲ, ಹೋದರು. ಅಣ್ಣ ಕುಡಿಯುತ್ತಿರಲಿಲ್ಲ, ಹೋದ. ತಾನು ಕುಡಿಯುತ್ತೇನೆ, ಇದ್ದೇನೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ವಿಜ್ಞಾನಿಗೆ ಬೇಕು? ಬಾರಿನ ಯಜಮಾನ ಖುಷಿಯಿಂದ ರಿಪೋರ್ಟಿನ ಜೆರಾಕ್ಸ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಕೌಂಟರಿನ ಮೇಲೆ ನೇತುಹಾಕಿದ. ಕುಡಿಯಲು ಬಂದವರು ಮೊದಲು ಅದನ್ನು ನೋಡಿ, ಆಮೇಲೆ ಮೇಷ್ಟ್ರನ್ನು ನೋಡಿ, ಗ್ಲಾಸು ಎತ್ತುತ್ತಿದ್ದರು. ಎಷ್ಟೋ ಜನ ಒಂದೊಂದು ಪ್ರತಿ ಮಾಡಿಸಿ ಮನೆಗೆ ಒಯ್ದರು. ಜೀವಮಾನದಲ್ಲಿ ಯಾವತ್ತೂ ಫಸ್ಟ್ ಕ್ಲಾಸು ಕಾಣದ ಮೇಷ್ಟ್ರಿಗೆ ಐವತ್ತು ದಾಟಿದ ಮೇಲೆ, ಅದೂ ರಕ್ತದಲ್ಲಿ, ರ‍್ಯಾಂಕ್ ಬಂದಂತಾಗಿತ್ತು. ಕಾಲರ್ ಸರಿಮಾಡಿಕೊಳ್ಳುವ ಹೊಸ ಅಭ್ಯಾಸವೂ ಅಂಟಿಕೊಂಡಿತು.

ಆದರೆ ಜೇಬಿಗೆ ಹೋದ ಕಾಗದ ಜೇಬಿನಲ್ಲೇ ಇರುತ್ತದೆಯೇ? ಬಟ್ಟೆ ಒಗೆಯುವಾಗ ಗುಳಿಗೆಯ ಹೆಂಡತಿಗೆ ಅದು ಸಿಕ್ಕಿತು. ಗಂಡನನ್ನು ನಿಲ್ಲಿಸಿಕೊಂಡು ಕೇಳಬೇಕಾದ್ದನ್ನೆಲ್ಲ ಕೇಳಿ, ಆಕೆ ಅದೇ ಒದ್ದೆ ಕಾಗದ ಹಿಡಿದು ನೇರ ಮೇಷ್ಟ್ರ ಮನೆಗೆ ಬಂದಳು.

“ನಿಮ್ಮನೆಯವರ ರಕ್ತದ ರಿಪೋರ್ಟು ನಮ್ಮನೆಯವರ ಪ್ಯಾಂಟಲ್ಲಿ ಯಾಕಿದೆ ಅಕ್ಕಾ?”

ಅಲ್ಲಿಗೆ ಲವಂಗದ ಕಥೆ ಮುಗಿಯಿತು. ಮೇಷ್ಟ್ರು ಮನೆಗೆ ಬಂದಾಗ ಒದ್ದೆ ಕಾಗದ ಕುರ್ಚಿಯ ಬೆನ್ನಿನ ಮೇಲೆ ಒಣಗುತ್ತಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಮಾರನೆಯ ದಿನವೂ ಅನ್ನಲಿಲ್ಲ. ಆಕೆ ಒಮ್ಮೆ ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅದರ ಮರುದಿನ ಆಕೆ ಸ್ಕೂಲಿನಿಂದ ಬರುವಾಗ ಚೀಲದಲ್ಲಿ ಒಂದು ಉದ್ದನೆಯ ಗಾಜಿನ ಅಳತೆ ಜಾಡಿ ತಂದರು. ಮೈತುಂಬ ಗೆರೆ ಕೊರೆದದ್ದು, ಬಾಯಿ ಸ್ವಲ್ಪ ಮುಕ್ಕಾಗಿ ಲ್ಯಾಬಿನವರು ಬಿಸಾಕಿದ್ದು. ಅದನ್ನು ಮೇಜಿನ ಮೇಲಿಟ್ಟು ಮಾತಿಗೆ ಶುರುಮಾಡಿದರು.

“ಒಂದು ಕೇಳ್ತೀನಿ, ನಿಜ ಹೇಳಿ. ಇದರಿಂದಾನೇ ನಿಮ್ಮ ಎದೆ ಗಟ್ಟಿ ಇರೋದಾ?”

“ಹಾಗಂತ ಪೇಪರಲ್ಲಿ ಬಂದಿದೆಯಂತೆ.”

“ಹಾಗಾದ್ರೆ ಷರತ್ತು ವಾಪಸ್ ತಗೊಂಡಿದೀನಿ. ಆದ್ರೆ ಬಾರು ಬೇಡ. ಅಲ್ಲಿ ಅಳತೆ ತಪ್ಪುತ್ತೆ, ಗುಳಿಗೆ ಸಹವಾಸ ಬೇರೆ. ಔಷಧಿ ಅಂದ್ಮೇಲೆ ಔಷಧಿ ಥರಾನೇ ಕುಡೀಬೇಕು. ಮನೇಲಿ ನಾನೇ ಅಳೆದು ಕೊಡ್ತೀನಿ.”

ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವತ್ತೇ ಬಾಟಲಿ ತಂದರು. ಸಂಗೀತ ಕೇಳುತ್ತ, ಕಾಲು ಚಾಚಿಕೊಂಡು, ತಮ್ಮ ಸ್ವಂತ ಸೋಫಾದಲ್ಲಿ ಗುಂಡು ಹಾಕುವ ಚಿತ್ರ ಕಣ್ಣಿಗೆ ಕಟ್ಟಿತ್ತು. ಆ ಚಿತ್ರ ಒಂದೇ ಸಂಜೆಗೆ ಹರಿದುಹೋಯಿತು. ಹೆಂಡತಿ ಬಾಟಲಿಯನ್ನು ಔಷಧಿ ಕಪಾಟಿನಲ್ಲಿ, ಕೆಮ್ಮಿನ ಸಿರಪ್ಪಿನ ಪಕ್ಕ ಇಟ್ಟು ಬೀಗ ಹಾಕಿದರು. ಊಟಕ್ಕೆ ಮುಂಚೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಅಡುಗೆಮನೆಯಲ್ಲಿ ಜಾಡಿಗೆ ಗೆರೆಯ ತನಕ ಸುರಿದು, ಗ್ಲಾಸಿಗೆ ಬಗ್ಗಿಸಿ, ಸಿಂಕಿನ ಪಕ್ಕ ನಿಲ್ಲಿಸಿ ಕುಡಿಸುತ್ತಿದ್ದರು. ಕಡಲೆಕಾಯಿ ಕೇಳಿದರೆ “ಮಾತ್ರೆ ಜೊತೆ ಯಾರಾದ್ರೂ ಕಡಲೆಕಾಯಿ ತಿಂತಾರಾ?” ಎನ್ನುತ್ತಿದ್ದರು. ಗುಟುಕು ಗುಟುಕಾಗಿ ಕುಡಿಯುವಂತಿಲ್ಲ, ಒಂದೇ ಉಸಿರಿಗೆ. ಆಮೇಲೆ ಬಾಯಿ ಮುಕ್ಕಳಿಸಬೇಕು, ಗ್ಲಾಸು ತೊಳೆದಿಡಬೇಕು. ಯಾವ ಪೆಗ್ಗಿಗಾಗಿ ಮೇಷ್ಟ್ರು ಇಡೀ ದಿನದ ಪ್ರಾಣಭಯವನ್ನು ಸಹಿಸುತ್ತಿದ್ದರೋ ಅದಕ್ಕೆ ಈಗ ಹರಳೆಣ್ಣೆಯ ರುಚಿ ಬಂದಿತ್ತು. ಒಮ್ಮೆ ಜ್ವರ ಬಂದು ಇವತ್ತು ಬೇಡ ಎಂದಾಗ ಆಕೆ ಬಿಡಲಿಲ್ಲ.

“ಬಾಯಿ ತೆಗೀರಿ. ಕೋರ್ಸ್ ಮಧ್ಯದಲ್ಲಿ ನಿಲ್ಲಿಸಬಾರದು.”

ಸುದ್ದಿ ಹರಡಿತು. ಗುಳಿಗೆಯ ಹೆಂಡತಿ ಮಗುವಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಕೊಡಲು ಶುರುಮಾಡಿದಳು. ಮಿಕ್ಕ ಮನೆಗಳಲ್ಲೂ ಹೆಂಗಸರು ಕಪಾಟಿಗೆ ಬೀಗ ಹಾಕಿದರು. ಸಂಜೆ ಬಾರಿನಲ್ಲಿ ಕುರ್ಚಿಗಳು ಮೇಜಿನ ಮೇಲೆ ಕಾಲೆತ್ತಿ ಕೂತವು. ಬಾರಿನ ಯಜಮಾನ ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟನ್ನು ಕಿತ್ತು, ಡ್ರೈವಿಂಗ್ ಸ್ಕೂಲಿಗೇ ಬಂದು ವಾಪಸು ಕೊಟ್ಟ.

“ನಿಮ್ಮ ರಕ್ತ ನನ್ನ ಹೊಟ್ಟೆ ಮೇಲೆ ಹೊಡೀತು ಮೇಷ್ಟ್ರೇ,” ಎಂದ. ಮೇಷ್ಟ್ರು ಅವನಿಗೆ ಟೀ ತರಿಸಿಕೊಟ್ಟರು, ಬೇರೇನು ಮಾಡುವುದು?

ಈಗ ಬಾರಿಲ್ಲ, ಆದ್ದರಿಂದ ಕಾರಿನ ಕೀಯನ್ನು ಡ್ರಾಯರಿಗೆ ಹಾಕುವ ಅಗತ್ಯವಿಲ್ಲ. ಕುಡಿಯುವುದು ಮನೆಯಲ್ಲೇ, ಆದ್ದರಿಂದ ವಾಸನೆ ಕಳೆಯುವ ಕೆಲಸವೂ ಇಲ್ಲ. ಕಡೆಯ ಕ್ಲಾಸು ಮುಗಿಯುತ್ತಲೇ ಮೇಷ್ಟ್ರು ನೇರ ರಸ್ತೆಯಲ್ಲಿ ಕಾರಿನಲ್ಲೇ ಮನೆಗೆ ಬರತೊಡಗಿದರು. ಕಾರಿನಿಂದ ಸೋಫಾ, ಸೋಫಾದಿಂದ ಸಿಂಕು, ಸಿಂಕಿನಿಂದ ಊಟ, ಊಟದಿಂದ ಹಾಸಿಗೆ. ಹೆಂಡತಿಗೆ ಗಂಡ ಹೊತ್ತಿಗೆ ಮುಂಚೆ ಮನೆಗೆ ಬರುವುದೇ ಒಂದು ಸುಖ. ಮೇಷ್ಟ್ರ ಬೆಲ್ಟಿನ ತೂತುಗಳು ಮುಗಿದು, ಮೊಳೆಯಿಂದ ಹೊಸದು ಹೊಡೆಯುವಂತಾಯಿತು. ಸ್ಕೂಲಿನ ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲ ನೆಮ್ಮದಿಯ ಲಕ್ಷಣ ಎಂದುಕೊಂಡರು.

ಐವತ್ತನಾಲ್ಕು ತುಂಬಲು ಕೆಲವೇ ದಿನಗಳಿದ್ದಾಗ ಹೆಂಡತಿ ಅವರನ್ನು ಮತ್ತೆ ರಕ್ತ ಕೊಡಲು ಕರೆದುಕೊಂಡು ಹೋದರು. ಈ ಸಲ ಆಕೆಗೆ ಭಯಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಬಾರಿನವನ ಅಂದಾಜಿನ ಪೆಗ್ಗಿಗೇ ಅಷ್ಟು ಫಲ ಸಿಕ್ಕಿರುವಾಗ ತಮ್ಮ ಕರಾರುವಾಕ್ಕಾದ ಅಳತೆಗೆ ಇನ್ನೆಷ್ಟು ಸಿಗಬೇಕು ಎಂದು ಆಕೆ ನಂಬಿದ್ದರು. ಸಂಜೆ ರಿಪೋರ್ಟು ಬಂತು. ಆಕೆ ತಾವೇ ಬಿಚ್ಚಿ ಓದಿದರು. ಒಳ್ಳೇದು ಎಷ್ಟೋ ಕೆಳಗಿಳಿದಿತ್ತು. ಕೆಟ್ಟದ್ದೆಲ್ಲ ಮೇಲೆ ಹತ್ತಿತ್ತು. ಆಕೆ ಕಾಗದವನ್ನು ಮಡಿಚಿಟ್ಟು, ಅಡುಗೆಮನೆಗೆ ಹೋಗಿ, ಜಾಡಿಯಲ್ಲಿ ಒಂದು ಗೆರೆ ಮೇಲಕ್ಕೆ ತುಂಬಿ ತಂದರು.

“ಡೋಸ್ ಸಾಲ್ತಿಲ್ಲ ಅನ್ಸುತ್ತೆ. ಇದನ್ನ ತಗೊಳ್ಳಿ,” ಎಂದರು.

ಮೇಷ್ಟ್ರಿಗೆ ರಿಪೋರ್ಟಿನಿಂದ ಎದೆ ಧಸಕ್ಕೆಂದದ್ದು ನಿಜ. ಮೇಲಿನ ಗೆರೆ ನೋಡಿ ಕೊಂಚ ಸಮಾಧಾನವಾದದ್ದೂ ನಿಜ.

ಮಾರನೆಯ ಬೆಳಗ್ಗೆ ಡಾಕ್ಟರಮ್ಮನ ಕ್ಲಾಸು. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಮೂರನೆಯದಕ್ಕೆ ತಯಾರಾಗುತ್ತಿದ್ದರು. ಕಾರು ಮರದ ಡಿಪೋ ದಾಟಿದ ಮೇಲೆ ಮೇಷ್ಟ್ರು ಜೇಬಿನಿಂದ ರಿಪೋರ್ಟು ತೆಗೆದರು.

“ಮೇಡಂ, ಡೋಸ್ ಜಾಸ್ತಿ ಮಾಡಿದ್ರೆ ಇದು ಎಷ್ಟು ದಿನಕ್ಕೆ ಸರಿಹೋಗುತ್ತೆ?”

“ಯಾವ ಡೋಸು? ನಾನು ನಿಮಗೆ ಔಷಧೀನೇ ಬರ್ಕೊಟ್ಟಿಲ್ವಲ್ಲ.”

ಮೇಷ್ಟ್ರು ಎಲ್ಲ ಹೇಳಿದರು. ಪೆಗ್ಗು, ಗುಳಿಗೆ, ಪೇಪರಿನ ಅರ್ಧ ಪುಟ, ಅಳತೆ ಜಾಡಿ, ನಿನ್ನೆಯ ಮೇಲಿನ ಗೆರೆ. ಡಾಕ್ಟರಮ್ಮ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು.

“ಕುಡಿಯಲ್ಲ ಅಂದಿದ್ರಿ.”

“ಪಕ್ಕದಲ್ಲಿ ಅವಳಿದ್ದಳಲ್ಲ ಮೇಡಂ.”

“ಸರಿ. ಮೊದಲೂ ಒಂದು ಪೆಗ್ಗು, ಮೊನ್ನೆ ತನಕಾನೂ ಒಂದು ಪೆಗ್ಗು. ಮತ್ತೆ ರಿಪೋರ್ಟ್ ಯಾಕೆ ಕೆಡ್ತು? ಬೇರೆ ಏನು ಬದಲಾಯ್ತು?”

“ಏನೂ ಇಲ್ಲ. ವಾಸನೆ ಕಳೆಯೋಕೆ ಸುತ್ತೋದು ತಪ್ಪಿದೆ, ಅಷ್ಟೇ.”

“ಎಲ್ಲಿ ಸುತ್ತುತ್ತಿದ್ರಿ?”

“ಇದೇ ಡಿಪೋ ಹಿಂದೆ, ಬಸ್ ಸ್ಟ್ಯಾಂಡ್ ಗೋಡೆ, ಟ್ಯಾಂಕಿನ ಏರು, ಆಮೇಲೆ ಮೈದಾನ. ವಾಸನೆ ಇದ್ರೆ ಮೈದಾನಕ್ಕೆ ಎರಡು ಸುತ್ತು.”

“ದಿನಾನಾ?”

“ಮಳೆ ಬಂದ್ರೂ ಬಿಡ್ತಿರಲಿಲ್ಲ. ಛತ್ರಿ ಹಿಡ್ಕೊಂಡು ಹೋಗ್ತಿದ್ದೆ.”

ಡಾಕ್ಟರಮ್ಮ ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಕಾರನ್ನು ಮೆಲ್ಲಗೆ ಪಕ್ಕಕ್ಕೆ ತಂದು, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದರು. ಅಷ್ಟನ್ನೂ ತಪ್ಪಿಲ್ಲದೆ ಮಾಡಿದ್ದು ಅದೇ ಮೊದಲು. ಮೇಷ್ಟ್ರು ಭೇಷ್ ಎನ್ನಲು ಬಾಯಿ ತೆಗೆಯುವಷ್ಟರಲ್ಲಿ ಆಕೆ ಇತ್ತ ತಿರುಗಿದರು.

“ಮೇಷ್ಟ್ರೇ, ಅದಕ್ಕೆ ನಮ್ಮಲ್ಲಿ ವಾಕಿಂಗ್ ಅಂತಾರೆ.”

“ವಾಕಿಂಗ್ ಅಲ್ಲ ಮೇಡಂ, ವಾಸನೆಗೆ.”

“ನಿಮ್ಮ ರಕ್ತಕ್ಕೆ ಅದೆಲ್ಲ ಗೊತ್ತಾಗುತ್ತಾ? ಸ್ವಲ್ಪ ಕುಡಿದ್ರೆ ಒಳ್ಳೇ ಕೊಲೆಸ್ಟ್ರಾಲ್ ಒಂಚೂರು ಏರೋದು ಸುಳ್ಳಲ್ಲ. ಆದ್ರೆ ಹಾಗೆ ಏರಿದ್ದು ಹಾರ್ಟ್ ಕಾಯುತ್ತೆ ಅಂತ ಯಾರೂ ತೋರಿಸಿಕೊಟ್ಟಿಲ್ಲ. ಪೆಟ್ರೋಲ್ ಮುಳ್ಳನ್ನ ಬೆರಳಿಂದ ಮೇಲೆ ತಳ್ಳಿದ್ರೆ ಟ್ಯಾಂಕ್ ತುಂಬುತ್ತಾ ಹೇಳಿ.”

ಮೇಷ್ಟ್ರು ಡ್ಯಾಶ್‌ಬೋರ್ಡಿನ ಮುಳ್ಳನ್ನು ನೋಡಿದರು. ಇಷ್ಟು ವರ್ಷ ಇದೇ ಕಾರಿನಲ್ಲಿ ಅವರು ಪಾಠ ಹೇಳಿದ್ದರು, ಪಾಠ ಕೇಳುವ ಸರದಿ ಇವತ್ತು ಬಂದಿತ್ತು.

“ಮಿತವಾಗಿ ಕುಡಿಯೋರ ಹಾರ್ಟ್ ಚೆನ್ನಾಗಿರುತ್ತೆ ಅಂತ ಹಿಂದೆ ಹೇಳ್ತಿದ್ರು,” ಡಾಕ್ಟರಮ್ಮ ಮುಂದುವರಿಸಿದರು. “ಆಮೇಲೆ ಸರಿಯಾಗಿ ನೋಡಿದ್ರೆ, ಅವರಲ್ಲಿ ಎಷ್ಟೋ ಜನ ನಡೆಯೋರು, ಹಿತಮಿತವಾಗಿ ತಿನ್ನೋರು. ಹೆಸರು ಮಾತ್ರ ಗ್ಲಾಸಿಗೆ ಬಂತು. ನಿಮ್ಮದೂ ಅಷ್ಟೇ. ದುಡಿದದ್ದು ನಿಮ್ಮ ಕಾಲು, ಸನ್ಮಾನ ಮಾಡಿದ್ದು ಬಾಟಲಿಗೆ. ಕುಡಿದ್ರೆ ಬಿಪಿ ಏರುತ್ತೆ, ಬೇರೆ ತೊಂದರೆಗಳೂ ಇವೆ. ನಿಮ್ಮಪ್ಪ, ನಿಮ್ಮಣ್ಣನ ಕಥೆ ಕೇಳಿದ ಮೇಲೆ ನಾನು ಒಂದು ತೊಟ್ಟೂ ಬೇಡ ಅಂತೀನಿ. ನಡೀರಿ.”

“ಈಗಲೇ ಇಳೀಬೇಕಾ ಮೇಡಂ?”

“ಸಂಜೆ ನಡೀರಿ ಅಂದೆ.”

ಆ ದಿನ ಮೇಷ್ಟ್ರಿಗೆ ಪಾಠದಲ್ಲಿ ಮನಸ್ಸಿರಲಿಲ್ಲ. ಹೆಂಡತಿಗೆ ಹೇಳಿದರೆ ಬಾಟಲಿ ಹೋಗುತ್ತದೆ. ಹೇಳದಿದ್ದರೆ ಮೇಲಿನ ಗೆರೆ ಉಳಿಯುತ್ತದೆ, ಜೊತೆಗೆ ಗುಟ್ಟಾಗಿ ನಡೆದುಕೊಂಡೂ ಇರಬಹುದು. ಎರಡೂ ಕಡೆ ಲಾಭ. ಇಂಥ ಯೋಚನೆ ಬಂದದ್ದಕ್ಕೆ ಅವರನ್ನು ದೂರುವುದು ಬೇಡ, ಯಾರಿಗೆ ಬರುವುದಿಲ್ಲ? ಮಧ್ಯಾಹ್ನದ ಹೊತ್ತಿಗೆ ಒಂದು ರಾಜಿ ಹೊಳೆಯಿತು. ನಿಜ ಹೇಳಿಬಿಡುವುದು, ಭಾನುವಾರಕ್ಕೆ ಒಂದೇ ಒಂದು ಪೆಗ್ಗು ಕೇಳಿಕೊಳ್ಳುವುದು. ಗುಟುಕು ಗುಟುಕಾಗಿ, ಕೂತುಕೊಂಡು, ಕಡಲೆಕಾಯಿಯ ಜೊತೆ. ಸಂಜೆ ಕಾರಿನ ಕೀಯನ್ನು ಡ್ರಾಯರಿಗೆ ಹಾಕಿ, ಏನೂ ಕುಡಿಯದೆ ಹಳೆಯ ದಾರಿ ಹಿಡಿದರು. ಟ್ಯಾಂಕಿನ ಏರಿನಲ್ಲಿ ಉಸಿರು ಸಿಕ್ಕಿಕೊಂಡು ಕಲ್ಲಿನ ಮೇಲೆ ಕೂರಬೇಕಾಯಿತು. ಭಾನುವಾರದ ಮಾತನ್ನು ಹೇಗೆ ಎತ್ತುವುದೆಂದು ಅಲ್ಲೇ ಬಾಯಿಪಾಠ ಮಾಡಿಕೊಂಡರು.

ಮನೆಗೆ ಬಂದಾಗ ಮುಂಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು, ಅದರ ಜೊತೆಗೆ ಇನ್ನೊಂದು ಸದ್ದು. ಮೇಷ್ಟ್ರು ಇಣುಕಿದರು. ಮುಚ್ಚಳ ತೆಗೆದ ಬಾಟಲಿ ಕಟ್ಟೆಯ ಮೇಲಿತ್ತು. ಹೆಂಡತಿ ಸಿಂಕಿನ ಮೇಲೆ ಬಗ್ಗಿ, ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡು, ವಾಂತಿ ಮಾಡಿಕೊಳ್ಳುತ್ತಿದ್ದರು. ಮುಗಿದ ಮೇಲೆ ಮುಖಕ್ಕೆ ನೀರು ಹಾಕಿಕೊಂಡರು, ಕರವಸ್ತ್ರವನ್ನು ಮೂಗಿಗೆ ಮತ್ತೆ ಬಿಗಿದು ಕಟ್ಟಿದರು, ಉಸಿರು ಹಿಡಿದು ಜಾಡಿಯನ್ನು ಕಣ್ಣ ಮಟ್ಟಕ್ಕೆ ಎತ್ತಿ ಮೇಲಿನ ಗೆರೆಯ ತನಕ ಸುರಿದರು. ಒಂದು ಹನಿಯೂ ಆಚೀಚೆಯಾಗಲಿಲ್ಲ.

“ಏನಾಯ್ತೇ?” ಎಂದರು ಮೇಷ್ಟ್ರು.

ಆಕೆ ಬೆಚ್ಚಿ ತಿರುಗಿದರು. “ಏನಿಲ್ಲ. ಯಾಕಿವತ್ತು ತಡ? ತಗೊಳ್ಳಿ, ಔಷಧಿ.”

“ವಾಂತಿ ಮಾಡ್ತಿದ್ದೆಯಲ್ಲ.”

“ದಿನಾ ಆಗೋದೇ. ನಲ್ಲಿ ಸದ್ದಲ್ಲಿ ನಿಮಗೆ ಕೇಳಿಸ್ತಿರಲಿಲ್ಲ, ಅಷ್ಟೇ. ಮೊದಮೊದಲು ಜಾಸ್ತಿ ಇತ್ತು, ಈಗ ಪರವಾಗಿಲ್ಲ.”

ಮೇಷ್ಟ್ರು ಗ್ಲಾಸು ತೆಗೆದುಕೊಳ್ಳಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿಬಿಟ್ಟರು. ಇದು ಔಷಧಿಯಲ್ಲ, ಕೆಲಸ ಮಾಡಿದ್ದು ನಡಿಗೆ, ಆ ನಡಿಗೆ ನಿನ್ನ ಷರತ್ತಿನಿಂದ ಬಂದದ್ದು, ಷರತ್ತು ಹೋಗಿ ನಡಿಗೆಯೂ ಹೋಯಿತು. ಆಕೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು.

“ಹಾಗಾದ್ರೆ ಇದರಿಂದ ನಿಮ್ಮ ಎದೆಗೆ ಏನೂ ಇಲ್ವಾ?”

“ಇಲ್ವಂತೆ,” ಎಂದರು ಮೇಷ್ಟ್ರು. “ಈ ವಾಸನೆಗೆ ಹೀಗಾಗುತ್ತೆ ಅಂತ ನನಗೆ ಒಂದು ಮಾತು ಹೇಳಬಾರದಾಗಿತ್ತಾ ನೀನು?”

“ಹೇಳಿದ್ರೆ ನೀವು ಕುಡಿಯೋದು ಬಿಟ್ಬಿಡ್ತಿದ್ರಿ,” ಎಂದರು ಆಕೆ. “ಬಿಟ್ಟು ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ನಾನೇನು ಮಾಡ್ಬೇಕಿತ್ತು?”

ಅಪ್ಪ ಕುಡಿದು ಬರುತ್ತಾನೆಂದು ಹೆದರಿ ಮೂಲೆ ಸೇರುತ್ತಿದ್ದ ಹುಡುಗಿ, ಗಂಡ ಎಲ್ಲಿ ಕುಡಿಯುವುದನ್ನು ಬಿಟ್ಟುಬಿಡುತ್ತಾನೋ ಎಂದು ಇಷ್ಟು ದಿನ ಹೆದರಿಕೊಂಡಿದ್ದಳು. ಮೇಷ್ಟ್ರಿಗೆ ತುಂಬ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಕೆಯ ಮೇಲೆ ಪ್ರೀತಿ ಉಕ್ಕಿತು. ಭಾನುವಾರದ ಮಾತು ನಾಲಿಗೆಯ ತುದಿಯ ತನಕ ಬಂದಿದ್ದದ್ದನ್ನು ವಾಪಸು ನುಂಗಿಕೊಂಡು, ಆಕೆಯ ಕೈಯಿಂದ ಗ್ಲಾಸು ತೆಗೆದುಕೊಂಡು ಸಿಂಕಿಗೆ ಸುರಿದರು.

“ಬಾಟ್ಲೀನೂ,” ಎಂದರು ಹೆಂಡತಿ, ಕರವಸ್ತ್ರದೊಳಗಿನಿಂದ.

ಮೇಷ್ಟ್ರು ಬಾಟಲಿಯನ್ನೂ ಬಗ್ಗಿಸಿದರು. ಅರ್ಧಕ್ಕಿಂತ ಹೆಚ್ಚೇ ಇತ್ತು. ಅದು ಗಳಗಳನೆ ಇಳಿದು ಹೋಗುವಾಗ ಎದೆಯಲ್ಲಿ ಎಲ್ಲೋ ಚಳುಕ್ ಎಂದಿತು. ಇದು ಹೃದಯದ ಕಾಯಿಲೆಯಲ್ಲವೆಂದು ಮಾತ್ರ ಅವರಿಗೆ ಖಾತ್ರಿಯಿತ್ತು.